ಬುಟ್ಟಿಯ ಮೇಲಿನ ಬಟ್ಟೆ

"ನಿಮ್ಮ ಮಾವನ ಹತ್ರ ಒಂದು ವಿಷಯ ಮಾತಾಡ್ಲಿಕ್ಕೆ ಉಂಟು," ಎಂದು ಜಯ ಹೇಮಾಕ್ಷಿಗೆ ಹೇಳಿದ್ದು ದೀಪಾವಳಿಯ ಹೊತ್ತಿಗೆ. ಹೇಳಿದವನು ಚಪ್ಪಲಿ ಮೆಟ್ಟಿಕೊಂಡು ಅಂಗಳ ದಾಟಿ ಹೋದ. ವಿಷಯ ಏನೆಂದು ಹೇಳಲಿಲ್ಲ. ಆಮೇಲೆ ಚಳಿ ಬಂತು, ಸೆಕೆ ಬಂತು, ಮಳೆ ಬಂತು, ಆಟಿ ತಿಂಗಳು ಕಳೆದು ಸೋಣವೂ ಹುಟ್ಟಿತು. ಆ ಒಂದು ವಿಷಯ ಮಾತ್ರ ಅವನ ಬಾಯಿಂದ ಹೊರಗೆ ಬೀಳಲಿಲ್ಲ. ಗರ್ಭ ಕಟ್ಟಿದ ಎಮ್ಮೆಯಾದರೂ ಅಷ್ಟು ಹೊತ್ತಿಗೆ ಈಯುತ್ತಿತ್ತು.

ಹೇಮಾಕ್ಷಿಯದು ಕುದ್ರೋಳಿಯ ಅಳಿಯಸಂತಾನದ ಮನೆ. ಅಲ್ಲಿ ಯಜಮಾನ ಎಂದರೆ ತಾಯಿ ಬಾಗಿಯ ಅಣ್ಣ ಪೂವಪ್ಪ. ಹೆಣ್ಣಿನ ಕಡೆಯವರು ತಾವಾಗಿ ಬಾಯಿಬಿಟ್ಟು, "ನೀವು ನಮ್ಮ ಹುಡುಗಿಯನ್ನು ಕೇಳ್ಲಿಕ್ಕೆ ಬಂದದ್ದಾ?" ಎಂದು ವಿಚಾರಿಸುವ ಕ್ರಮ ಆ ಮನೆಯಲ್ಲಿಲ್ಲ. ಬಂದವರಿಗೆ ಬೆಲ್ಲ ನೀರು ಕೊಡಬೇಕು, ಮುಂದೆ ವೀಳ್ಯದ ಹರಿವಾಣ ಇಡಬೇಕು, ಅವರು ಎಲೆ ಎತ್ತಿಕೊಂಡು ಬಂದ ಕಾರ್ಯ ಹೇಳಬೇಕು. ಜೀವ ಹೋದರೂ ಪೂವಪ್ಪ ಈ ಕ್ರಮ ಬಿಡುವವನಲ್ಲ. ಜಯನಿಗೆ ಅದು ಚೆನ್ನಾಗಿ ಗೊತ್ತಿತ್ತು. ಬಂದಾಗಲೆಲ್ಲ ಎಲೆಯ ತೊಟ್ಟು ಮುರಿದು, ಸುಣ್ಣ ಸವರಿ, ಹದವಾಗಿ ಮಡಚಿ ಬಾಯಿಗಿಟ್ಟುಕೊಂಡು ಹಂಚಿನ ಕಾರ್ಖಾನೆಯ ಮಾತು, ಹೊಸ ಬಸ್ಸಿನ ಮಾತು, ಬಂಗುಡೆಯ ಮಾತು ಎಲ್ಲ ಆಡುತ್ತಿದ್ದ. ಏಳುವಾಗ ಮಾತ್ರ, "ಆ ವಿಷಯ ಇನ್ನೊಮ್ಮೆ ಮಾತಾಡುವ ಆಯ್ತಾ," ಎನ್ನುತ್ತಿದ್ದ. ಪೂವಪ್ಪ ಕೇಳುವ ಹಾಗಿಲ್ಲ, ಹೇಮಾಕ್ಷಿ ಬಿಡುವ ಹಾಗಿಲ್ಲ. ಹಿತ್ತಿಲ ವೀಳ್ಯದ ಬಳ್ಳಿ ಬೋಳಾಗುತ್ತ ಬಂತು.

ಜಯ ಇಂಟರ್ ಮುಗಿಸಿ ಮಾಸ್ತರಿಕೆ ಕಲಿಯಲು ಟ್ರೈನಿಂಗ್ ಶಾಲೆಗೆ ಸೇರಿದ್ದ. ಹೇಮಾಕ್ಷಿ ಮನೆಗೆ ಹತ್ತಿರದ ಶಾಲೆಯಲ್ಲಿ ಎರಡನೆಯ ಕ್ಲಾಸಿನ ಟೀಚರ್. ಸಂಜೆ ಬೆಂಗ್ರೆಗೆ ದೋಣಿ ಹೊರಡುವ ಕಡವಿನ ಹತ್ತಿರ ಅವನು ಸಿಗುತ್ತಿದ್ದ. "ನಿಮ್ಮ ಬಗ್ಗೆ ಒಬ್ಬರು ಒಂದು ಮಾತು ಹೇಳಿದ್ರು," ಎನ್ನುತ್ತಿದ್ದ. ಯಾರು, ಎಂತ ಮಾತು ಎಂದರೆ, "ಈಗ ಬೇಡ ಬಿಡಿ." ತಾನು ಚಿಕ್ಕವನಿದ್ದಾಗ ಇದೇ ಹೊಳೆಯಲ್ಲಿ ದೋಣಿ ಮಗುಚಿದ ಕತೆ ಹೇಳಲು ಹೊರಟು, ತಾನು ನೀರೊಳಗೆ ಇರುವಾಗಲೇ ನಿಲ್ಲಿಸಿ, "ಉಳಿದದ್ದು ನಾಳೆ," ಎಂದು ಹೋದವನು ಎರಡು ವಾರ ಆ ಕಡೆ ತಲೆ ಹಾಕಿರಲಿಲ್ಲ. ಹೇಮಾಕ್ಷಿ ಅವನನ್ನು ಆ ಎರಡು ವಾರವೂ ನೀರೊಳಗಿಂದ ಎತ್ತುತ್ತಲೇ ಇದ್ದಳು. ಮೀನಿನ ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಅವಳು ದಡ್ಡಿಯೇನಲ್ಲ. ಆದರೆ ಮೂಗಿಗೆ ತುಪ್ಪ ಸವರಿಸಿಕೊಂಡವರಿಗೆ ಮೂಗಿನ ತುದಿಯ ಆಚೆಗಿನದು ಕಾಣುವುದಿಲ್ಲ.

ಇದರ ನಡುವೆ ಬೇಸಗೆಯ ಕೊನೆಯಲ್ಲಿ ಬಿಕರ್ನಕಟ್ಟೆಯಿಂದ ಬೋಜ ಎಂಬವನು ತನ್ನ ಮಾವನನ್ನು ಕರೆದುಕೊಂಡು ಬಂದ. ಬೆಲ್ಲ ನೀರು ಕುಡಿದ, ಎಲೆ ಎತ್ತಿದ, ಬಂದ ಕಾರ್ಯ ಹೇಳಿದ.

"ನನಗೆ ಹುರಿಹಗ್ಗದ ಅಂಗಡಿ ಉಂಟು. ಎಡಗಿವಿ ಸರಿ ಕೇಳುದಿಲ್ಲ, ಅದನ್ನು ಮೊದಲೇ ಹೇಳ್ತೇನೆ. ನಿಮ್ಮ ಹುಡುಗಿ ಶಾಲೆ ಬಿಡ್ಬೇಕೂಂತ ಇಲ್ಲ. ಮನಸ್ಸಿದ್ರೆ ಹೇಳಿ, ಇಲ್ಲದಿದ್ರೂ ಹೇಳಿ. ನನಗೆ ಬೇಜಾರಿಲ್ಲ. ಅಂದ್ರೆ, ಸ್ವಲ್ಪ ಆದೀತು."

ಬಾಗಿಲ ಹಿಂದೆ ನಿಂತಿದ್ದ ಹೇಮಾಕ್ಷಿಗೆ, ಇಷ್ಟೇಯಾ ಅನ್ನಿಸಿತು. ಒಂದೇ ಉಸಿರಿಗೆ ಮನುಷ್ಯ ಮುಗಿದೇ ಹೋದ. ಮಲಗಿ ಯೋಚಿಸಲು ಅವನು ಏನನ್ನೂ ಉಳಿಸಿ ಹೋಗಿರಲಿಲ್ಲ. ಶುಭಕಾರ್ಯಕ್ಕೆ ಆಗದ ಆಟಿ ತಿಂಗಳು ಕಳೆದು ಸೋಣ ಸಂಕ್ರಮಣಕ್ಕೆ ಉತ್ತರ ಹೇಳುತ್ತೇವೆ ಎಂದು ಪೂವಪ್ಪ ಮಾತು ಕೊಟ್ಟ. ಸಂಕ್ರಮಣ ಬಂದಾಗ ಅವನು ಸೊಸೆಯನ್ನು ಕರೆದು ಕೇಳಿದ. "ಸ್ವಲ್ಪ ತಡೀರಿ ಮಾವ," ಎಂದಳು ಹೇಮಾಕ್ಷಿ. ಪೂವಪ್ಪ ಜಯ ಬರುವ ದಾರಿಯನ್ನು ಒಮ್ಮೆ ನೋಡಿದ. ಬಿಕರ್ನಕಟ್ಟೆಗೆ ಉತ್ತರ ಹೋಗಲಿಲ್ಲ.

ಅದಾದ ಮುಂದಿನ ವಾರ ಹೇಮಾಕ್ಷಿಯ ಕ್ಲಾಸಿನಲ್ಲಿ ಮಾದರಿ ಪಾಠ. ಟ್ರೈನಿಂಗ್ ಶಾಲೆಯ ಹುಡುಗರು ಊರಿನ ಶಾಲೆಗಳಿಗೆ ಬಂದು ಎಲ್ಲರ ಎದುರು ಒಂದು ಪಾಠ ಮಾಡಬೇಕು. ಪಾಠ ಮುಗಿದ ಮೇಲೆ ಅವರ ಮಾಸ್ತರರು ತಪ್ಪು ಒಪ್ಪು ಹೇಳಬೇಕು. ಆ ದಿನ ಸರದಿ ಜಯನದು. ಹೇಮಾಕ್ಷಿ ಜಡೆಗೆ ಎಂದಿಗಿಂತ ಹೆಚ್ಚೇ ಮಲ್ಲಿಗೆ ಮುಡಿದು ಬಂದಿದ್ದಳು. ಅದನ್ನು ನೋಡಿದ ಹಿರಿಯ ಟೀಚರ್ ಎವ್ಲಿನ್ ಬಾಯಿ, "ಇವತ್ತು ಇನ್ಸ್‌ಪೆಕ್ಷನ್ ನಿನಗಾ, ಅವನಿಗಾ?" ಎಂದು ಕೆಣಕಿದಳು. ಹಿಂದಿನ ಬೆಂಚುಗಳಲ್ಲಿ ಟ್ರೈನಿಂಗ್ ಹುಡುಗರು, ಅವರ ನಡುವೆ ಕನ್ನಡಕ ಹಾಕಿದ ಮೊರಿಸ್ ಮಾಸ್ತರರು. ಹೆಂಗಸರಿಬ್ಬರೂ ಗೋಡೆಯ ಬದಿಯಲ್ಲಿ ನಿಂತರು.

ಜಯ ಒಂದು ಬಿದಿರ ಬುಟ್ಟಿಯನ್ನು ತಂದು ಮೇಜಿನ ಮೇಲಿಟ್ಟ. ಅದರ ಮೇಲೆ ಕೆಂಪು ಬಟ್ಟೆ.

"ಮಕ್ಕಳೇ, ನಿಮ್ಮ ಕ್ಲಾಸಿನ ಬಗ್ಗೆ ಒಬ್ಬರು ನನ್ನ ಹತ್ರ ಒಂದು ಮಾತು ಹೇಳಿದ್ರು."

"ಯಾರು ಸರ್? ಎಂತ ಸರ್?" ಎಂದು ಮಕ್ಕಳು ಕೂಗಿದರು.

"ಈಗ ಬೇಡ ಬಿಡಿ."

ಗೋಡೆಗೆ ಒರಗಿದ್ದ ಹೇಮಾಕ್ಷಿ ನೆಟ್ಟಗೆ ನಿಂತಳು. ಜಯ ಬಟ್ಟೆಯ ಒಂದು ಮೂಲೆ ಎತ್ತಿದ, ತಾನೊಬ್ಬನೇ ಇಣುಕಿದ, ಮುಗುಳ್ನಕ್ಕ, ಮತ್ತೆ ಮುಚ್ಚಿದ. ಆ ನಗು ಅವಳಿಗೆ ಗೊತ್ತಿತ್ತು. ದನಿಯನ್ನು ಅರ್ಧಕ್ಕೆ ಇಳಿಸುವುದು, ಹೇಳಲು ಬಾಯಿ ತೆರೆದು ಕಿಟಕಿಯ ಕಡೆ ತಿರುಗುವುದು, ಎಲ್ಲ ಗೊತ್ತಿತ್ತು. ಮೊದಲ ಬೆಂಚಿನ ನಾಝಿಮಾ ಎದ್ದೇ ನಿಂತು, "ಬೆಕ್ಕಿನ ಮರಿ! ಬೆಕ್ಕಿನ ಮರಿ ಉಂಟು!" ಎಂದಳು. "ಇರಬಹುದು. ಇಲ್ಲದೆಯೂ ಇರಬಹುದು," ಎಂದ ಜಯ. ಸಾಕುಪ್ರಾಣಿಗಳ ಪಾಠ ಮುಗಿಯುವವರೆಗೆ ಒಂದು ಮಗುವೂ ಬುಟ್ಟಿಯಿಂದ ಕಣ್ಣು ಕೀಳಲಿಲ್ಲ. ಗಂಟೆ ಹೊಡೆಯಿತು. "ಬುಟ್ಟಿಯಲ್ಲಿ ಎಂತ ಉಂಟೂಂತ ನಾಳೆ ನೋಡುವ," ಎಂದು ಅವನು ಮಕ್ಕಳನ್ನು ಊಟಕ್ಕೆ ಬಿಟ್ಟ.

ಮೊರಿಸ್ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. "ಪಿಳ್ಳೆಗಳು ಅಲ್ಲಾಡ್ಲಿಲ್ಲ ಮಾರಾಯ. ಅದು ಹೇಗೆ ಸಾಧಿಸಿದಿ, ಇವರಿಗೂ ಹೇಳು."

"ಮನಶ್ಶಾಸ್ತ್ರ ಸರ್," ಎಂದ ಜಯ. ಹೊಗಳಿಕೆ ಸಿಕ್ಕಿದ್ದಕ್ಕೆ ಮುಖ ಅರಳಿತ್ತು. "ಕೊಟ್ಟದ್ದನ್ನು ಮನಸ್ಸು ತಿಂದು ಮರೆತುಬಿಡ್ತದೆ. ಮುಚ್ಚಿಟ್ಟದ್ದರ ಸುತ್ತ ತಿರುಗ್ತಾ ಇರ್ತದೆ. ಹಾಗಾಗಿ ಸ್ವಲ್ಪ ತೋರಿಸ್ಬೇಕು, ಕೂಡ್ಲೆ ಮುಚ್ಚಬೇಕು. ಕೇಳಿದ್ರೆ ಹೌದೂಂತಲೂ ಇಲ್ಲ, ಇಲ್ಲಾಂತಲೂ ಇಲ್ಲ. ನಡುವೆ ಕೆಲವು ದಿನ ಮುಖವೇ ತೋರಿಸ್ಬಾರದು. ಆಗ ಅವರಾಗಿಯೇ ಹಿಂದೆ ಬರ್ತಾರೆ."

"ಮಕ್ಕಳಿಗೆ ಮಾತ್ರವಾ, ದೊಡ್ಡವರಿಗೂ ಆಗ್ತದಾ?" ಎಂದು ಹಿಂದಿನಿಂದ ಒಬ್ಬ ಕೇಳಿದ. ಹುಡುಗರು ನಕ್ಕರು.

"ದೊಡ್ಡವರಿಗೆ ಇನ್ನೂ ಚಂದ ಆಗ್ತದೆ. ನಾನು ಪ್ರಯೋಗ ಮಾಡಿ ನೋಡಿದ್ದೇನೆ," ಎಂದ ಜಯ. ಅವನ ಕಣ್ಣು ಗೋಡೆಯ ಬದಿಗೆ ಒಮ್ಮೆ ಹರಿದು ಹಿಂದಕ್ಕೆ ಬಂತು.

ಹೇಮಾಕ್ಷಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದು ಸುಳ್ಳಲ್ಲ. ಆದರೆ ಈ ಬೆಕ್ಕು ಇಲಿಯನ್ನು ಹಿಡಿದದ್ದಲ್ಲದೆ ಊರವರ ಮುಂದೆ ಅದರ ಪಾಠವನ್ನೂ ಮಾಡುತ್ತಿತ್ತು. ಹತ್ತಿರ ಹತ್ತಿರ ಒಂದು ವರ್ಷದಿಂದ ನಾನು ಇವನ ಕ್ಲಾಸಿನ ಮೊದಲ ಬೆಂಚಿನಲ್ಲಿ ಕೂತಿದ್ದೆ, ಬಾಯಿ ತೆರೆದುಕೊಂಡು. ಅವಳು ಮೇಜಿನ ಹತ್ತಿರ ಹೋಗಿ ಕೆಂಪು ಬಟ್ಟೆಯನ್ನು ಎಳೆದು ಹಾಕಿದಳು.

ಬುಟ್ಟಿಯಲ್ಲಿ ಒಡೆದ ಹಂಚಿನ ತುಂಡೊಂದು ಇತ್ತು.

"ಇದೆಂತ ಜಯ?" ಎಂದರು ಮೊರಿಸ್ ಮಾಸ್ತರರು.

"ಭಾರ ಇದ್ದ ಹಾಗೆ ಕಾಣ್ಲಿಕ್ಕೆ ಸರ್."

"ಮತ್ತೆ ನಾಳೆ ಮಕ್ಕಳಿಗೆ ಎಂತ ತೋರಿಸ್ತಿ?"

"ನಾಳೆ ನಮಗೆ ಬೇರೆ ಶಾಲೆ ಅಲ್ವಾ ಸರ್," ಎಂದ ಜಯ.

ಅದಕ್ಕೂ ಕೆಲವರು ನಕ್ಕರು. ಮೊರಿಸ್ ಮಾಸ್ತರರು ನಗಲಿಲ್ಲ. ಆದರೆ ಬೈಯಲೂ ಇಲ್ಲ, ಕೊಡೆ ಹುಡುಕಿಕೊಂಡು ಎದ್ದರು.

ಜಗಲಿಯಲ್ಲಿ ಹೇಮಾಕ್ಷಿ ಅವನನ್ನು ಅಡ್ಡಗಟ್ಟಿದಳು. ಮಾಡಿನಿಂದ ಮಳೆನೀರು ಸುರಿಯುತ್ತಿತ್ತು. "ನನಗೂ ಒಂದು ಬುಟ್ಟಿ ತೋರಿಸ್ತಾ ಬಂದಿದ್ದೀರಲ್ಲ, ದೀಪಾವಳಿಯಿಂದ. ಅದರಲ್ಲಿ ಎಂತ ಉಂಟು? ಈಗ ಹೇಳಿ, ಇಲ್ಲಿಯೇ ಹೇಳಿ."

ಆಗಲಾದರೂ ಅವನು ಹೇಳಬಹುದಿತ್ತು. ಹೌದು ಎನ್ನಬಹುದಿತ್ತು, ಇಲ್ಲ ಎನ್ನಬಹುದಿತ್ತು, ತಪ್ಪಾಯಿತು ಎನ್ನಬಹುದಿತ್ತು. ಜಯ ಕೊಡೆ ಬಿಡಿಸಿದ. ಮಳೆಯನ್ನು ನೋಡಿದ. ಅದೇ ನಗು ನಕ್ಕ.

"ಎಲ್ಲ ಹೇಳ್ತೇನೆ. ಸಮಯ ಬರ್ಲಿ."

ಮನೆಗೆ ಬಂದವಳೇ ಹೇಮಾಕ್ಷಿ ಒದ್ದೆ ಸೀರೆಯಲ್ಲೇ ಮಾವನ ಮುಂದೆ ನಿಂತಳು. "ಬಿಕರ್ನಕಟ್ಟೆಯವರಿಗೆ ಹೌದು ಹೇಳಿ ಮಾವ. ಇವತ್ತೇ ಹೇಳಿ ಕಳಿಸಿ."

ಪೂವಪ್ಪ ಅಡಿಕೆ ಕತ್ತರಿಸುತ್ತಿದ್ದವನು ಕತ್ತರಿ ಕೆಳಗಿಟ್ಟ. "ಬೋಜ ಬೆಳಿಗ್ಗೆ ಬಂದಿದ್ದ ಮಗಾ. ನೀನು ಶಾಲೆಗೆ ಹೋದ ಮೇಲೆ. ಕಾವೂರಿನ ಕಡೆ ಹುಡುಗಿ ಗೊತ್ತಾಗಿ ವೀಳ್ಯ ಆಯ್ತಂತೆ. 'ನೀವು ಹೇಳ್ತೀರೀಂತ ಸಂಕ್ರಮಣದವರೆಗೆ ಕಾದೆ. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗ್ಬಾರದು, ಅದಕ್ಕೆ ನಾನೇ ಬಂದೆ,' ಅಂತ ಹೇಳಿ ಹೋದ."

ಅದನ್ನೂ ಅವನೇ ಬಂದು ಹೇಳಿ ಹೋಗಿದ್ದ. ಹೇಮಾಕ್ಷಿ ಜಡೆಯ ಮಲ್ಲಿಗೆಯನ್ನು ಕಿತ್ತು ಅಂಗಳದ ನೀರಿಗೆ ಎಸೆದಳು. ಅವಳ ಸಿಟ್ಟು ಜಯನೊಬ್ಬನ ಮೇಲೆ ಇದ್ದಿದ್ದರೆ ಹೊರಲು ಹಗುರವಿತ್ತು. ಬಾಯಿ ಬಿಡದ ಮಾವನ ಕ್ರಮದ ಮೇಲೆ ಸಿಟ್ಟು, ನೋಡಿಯೂ ನೋಡದ ಹಾಗೆ ಬೆಲ್ಲ ಕಲಸಿ ಕೊಟ್ಟ ಅಮ್ಮನ ಮೇಲೆ ಸಿಟ್ಟು. ಎಲ್ಲಕ್ಕಿಂತ ಹೆಚ್ಚು, ತೆರೆದ ಬುಟ್ಟಿಯಂತಿದ್ದ ಬೋಜನನ್ನು ನೋಡಿ ಇಷ್ಟೇಯಾ ಅಂದುಕೊಂಡ ತನ್ನ ಮೇಲೆ ಸಿಟ್ಟು.

ಮರುದಿನ ಬೆಳಿಗ್ಗೆ ಕ್ಲಾಸಿನ ಬಾಗಿಲಲ್ಲೇ ನಾಝಿಮಾ ಕಾಯುತ್ತಿದ್ದಳು. ಅವಳ ಕೈಯಲ್ಲಿ ಬಾಳೆಎಲೆಯ ಸಣ್ಣ ಪೊಟ್ಟಣ. ಬಿಚ್ಚಿದರೆ ಒಣಮೀನಿನ ತುಂಡು.

"ಇದು ಬೆಕ್ಕಿನ ಮರಿಗೆ ಟೀಚರ್. ಉಮ್ಮನ ಹತ್ರ ಕೇಳಿಯೇ ತಂದದ್ದು. ಸರ್ ಬಂದ್ರಾ?"

ಹೇಮಾಕ್ಷಿ ಮಕ್ಕಳನ್ನು ಕೂರಿಸಿ, ಹಿಂದಿನ ದಿನ ಎತ್ತಿಟ್ಟಿದ್ದ ಹಂಚಿನ ತುಂಡನ್ನು ಕಪಾಟಿನಿಂದ ತಂದು ಮೇಜಿನ ಮೇಲಿಟ್ಟಳು. "ನಿನ್ನೆ ಬುಟ್ಟಿಯಲ್ಲಿ ಇದ್ದದ್ದು ಇದು. ಬೆಕ್ಕಿನ ಮರಿ ಇರಲಿಲ್ಲ. ಸರ್ ಇನ್ನು ಬರುದಿಲ್ಲ."

ಮಕ್ಕಳು ಒಬ್ಬರ ಹಿಂದೆ ಒಬ್ಬರು ಬಂದು ಹಂಚನ್ನು ನೋಡಿದರು. ನಾಝಿಮಾ ಅದನ್ನು ತಿರುಗಿಸಿ ಅಡಿಯಲ್ಲೂ ನೋಡಿದಳು. ಆಮೇಲೆ ಅವಳ ತುಟಿ ಅದುರಿತು. "ಮತ್ತೆ ಸರ್ ಯಾಕೆ ಉಂಟೂಂತ ಮಾಡಿದ್ದು? ನಾವು ಅವರಿಗೆ ಎಂತ ಮಾಡಿದ್ದೇವೆ?"

ಮನಶ್ಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇತ್ತೋ ಏನೋ. ಹೇಮಾಕ್ಷಿ ಮಗುವಿನ ಕೈ ಹಿಡಿದು ಶಾಲೆಯ ಹಿಂದಕ್ಕೆ ಹೋಗಿ, ಅಲ್ಲಿ ತಿರುಗಾಡುವ ಕುಂಟು ಬೆಕ್ಕಿಗೆ ಒಣಮೀನು ಹಾಕಿಸಿದಳು.

ಆಮೇಲೆ ಅವಳು ಜಯನ ಮುಖ ನೋಡಲಿಲ್ಲ. ಕಡವಿನ ದಾರಿ ಬಿಟ್ಟು ದೇವಸ್ಥಾನದ ದಾರಿ ಹಿಡಿದಳು. ಅವನು ಎದುರು ಸಿಕ್ಕರೆ ಮಾತಿಲ್ಲದೆ ದಾಟಿದಳು. ಆಡಲು ಹೊರಟರೆ ಬಾಯಿಗೆ ಬರುವುದು ಬೈಗುಳ ಒಂದೇ. ಇನ್ನು ಜಯನ ಪಾಡು ನೋಡಬೇಕಿತ್ತು! ಮೊದಲು ದಿನ ಬಿಟ್ಟು ದಿನ ಬಂದವನು ದಿನವೂ ಬರತೊಡಗಿದ. ಶಾಲೆಯ ಗೇಟಿನಲ್ಲಿ ನಿಂತ. ಎವ್ಲಿನ್ ಬಾಯಿಯನ್ನು ಹಿಡಿದು, "ಹೇಮಾಕ್ಷಿಗೆ ಎಂತ ಆಗಿದೆ? ನನ್ನ ಬಗ್ಗೆ ಎಂತಾದ್ರೂ ಹೇಳಿದ್ರಾ?" ಎಂದು ಕೇಳಿದ. "ಹೇಳಿದ್ದಾಳೆ. ಅದನ್ನು ಬಾಯಲ್ಲಿ ಹೇಳ್ಲಿಕ್ಕೆ ಆಗ್ಲಿಕ್ಕಿಲ್ಲ, ನಾನು ಭಾನುವಾರ ಇಗರ್ಜಿಗೆ ಹೋಗುವವಳು ಮಾರಾಯ," ಎಂದು ಅವಳು ಜಾರಿಕೊಂಡಳು.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಜಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ತನ್ನ ಮಾವನನ್ನು ಕರೆದುಕೊಂಡು ಕುದ್ರೋಳಿಯ ಮನೆಗೆ ಬಂದ. ತಾಯಿ ಬಾಗಿಗೆ ಸಂತೋಷದಲ್ಲಿ ಕೈಕಾಲು ಆಡಲಿಲ್ಲ. ಬೆಲ್ಲ ನೀರು ಬಂತು. ಪೂವಪ್ಪ ಹರಿವಾಣವನ್ನು ತಂದು ನಡುವೆ ಇಟ್ಟ.

"ಈ ಸಲ ವಿಷಯ ಹೇಳಿಯೇ ಹೋಗುದು," ಎಂದ ಜಯ, ಬಾಗಿಲ ಕಡೆಗೆ ನೋಡುತ್ತ. ದನಿಯಲ್ಲಿ ಮೆಚ್ಚುಗೆ ತುಂಬಿ ತುಳುಕುತ್ತಿತ್ತು. "ನಿಮ್ಮ ಸೊಸೆ ಭಾರಿ ಹುಷಾರು ಪೂವಪ್ಪಣ್ಣ. ನನ್ನ ವಿದ್ಯೆಯನ್ನು ನನಗೇ ತಿರುಗಿಸಿದ್ರು. ಮಾತಿಲ್ಲ, ಮುಖ ಇಲ್ಲ. ನನಗೆ ನಿದ್ದೆ ಇಲ್ಲ, ಊಟ ಇಲ್ಲ. ಸೋತೆ ಮಾರಾಯ್ರೇ, ನಾನು ಸೋತೆ."

ಅವನ ಮಾವ ಎಲೆಗೆ ಕೈ ಚಾಚಿದ. ಹೆಣ್ಣು ಕೇಳುವ ಹೊತ್ತಿನಲ್ಲಿ ಹೊರಗೆ ಬರಬಾರದ ಹೇಮಾಕ್ಷಿ ಹೊರಗೆ ಬಂದಳು. ಬಗ್ಗಿ ಹರಿವಾಣವನ್ನು ಎತ್ತಿಕೊಂಡಳು.

"ಅದು ವಿದ್ಯೆ ಅಲ್ಲ," ಎಂದಳು. "ಅದು ಸಿಟ್ಟು. ನಿಮಗೆ ಸಿಟ್ಟು ಕಂಡ್ರೂ ಉಪಾಯದ ಹಾಗೇ ಕಾಣುದಾ? ನೀವು ಬರ್ತೀರೀಂತ ನಾನು ಸಂಜೆ ಸಂಜೆ ಕಡವಿನ ಹತ್ರ ನಿಂತೆ. ನೀವು ಹೇಳ್ತೀರೀಂತ ಕಾದು, ಕೇಳಿ ಬಂದ ಒಳ್ಳೆ ಮನುಷ್ಯನಿಗೆ ಉತ್ತರ ಕೊಡ್ಲಿಲ್ಲ. ನೀವು ಅದನ್ನು ಕ್ಲಾಸಿನಲ್ಲಿ ಪ್ರಯೋಗ ಅಂತ ಹೇಳಿ ನಕ್ಕಿರಿ. ನಾನು ಕಪ್ಪೆಯಾ, ಜಿರಳೆಯಾ, ಪ್ರಯೋಗ ಮಾಡ್ಲಿಕ್ಕೆ? ಆ ಸಣ್ಣ ಮಗು ಬುಟ್ಟಿಯ ಬೆಕ್ಕಿಗೇಂತ ಮೀನು ತಂದಿತ್ತು. ನಿಮಗೆ ಗೊತ್ತುಂಟಾ?"

"ಹೇಮಾ!" ಎಂದು ಬಾಗಿ ಒಳಗಿನಿಂದ ಅಳುದನಿಯಲ್ಲಿ ಕರೆದಳು. "ಕೋಪದಲ್ಲಿ ಕೊಯ್ದ ಮೂಗು ಆಮೇಲೆ ಬರುದಿಲ್ಲ ಮಗಾ!"

"ಮೂಗು ಅಲ್ಲಿಯೇ ಉಂಟು ಅಮ್ಮ. ಮೇಲೆ ಸವರಿದ್ದ ತುಪ್ಪ ತೊಳೆದುಕೊಂಡೆ, ಅಷ್ಟೇ."

ಜಯನ ಮುಖ ಬಿಳಿಚಿತು. "ನಾನು ನಿಜವಾಗಿ ನಿಮ್ಮನ್ನು ಕೇಳ್ಲಿಕ್ಕೇ ಇದ್ದೆ ಹೇಮಾಕ್ಷಿ. ದೇವರಾಣೆ. ಮೊದಲೇ ಹೇಳಿಬಿಟ್ಟಿದ್ರೆ ನಿಮಗೆ ನನ್ನ ಮೇಲೆ ಆಸಕ್ತಿ ಉಳಿತಿತ್ತಾ?"

"ಗೊತ್ತಿಲ್ಲ. ನೀವು ಹೇಳಿ ನೋಡ್ಲಿಲ್ಲ."

ಎಲ್ಲರೂ ಪೂವಪ್ಪನ ಕಡೆ ನೋಡಿದರು. ಆ ಮನೆಯಲ್ಲಿ ಅವನ ಮಾತೇ ಕಡೆಯ ಮಾತು. ಸೊಸೆಯ ಕೈಯಲ್ಲಿದ್ದ ಹರಿವಾಣವನ್ನು ಅವನು ನೋಡಿದ. ಆಮೇಲೆ ಜಯನ ಮಾವನಿಗೆ, "ಕೇಳಿದಿರಲ್ಲ. ನೀರು ಕುಡಿದಾಗಿದೆ. ಇನ್ನು ಬಿಸಿಲು ಏರುವ ಮೊದಲು ಹೊರಡಿ," ಎಂದ. ಒಂದು ವರ್ಷದ ಎಲೆಗಳ ಲೆಕ್ಕ ಅವನೂ ಮನಸ್ಸಿನಲ್ಲಿ ಇಟ್ಟಿದ್ದ ಎಂದು ಹೇಮಾಕ್ಷಿಗೆ ಗೊತ್ತಾದದ್ದು ಆಗಲೇ.

ಮಾವ ಮುಂದೆ ಹೋದರೂ ಜಯ ಮೆಟ್ಟಿಲ ಹತ್ತಿರ ನಿಂತ. "ಒಂದು ಮಾತು. ಅದನ್ನು ತಿಳಿಯದೆ ನನಗೆ ಇರ್ಲಿಕ್ಕೆ ಆಗ್ಲಿಕ್ಕಿಲ್ಲ. ನಿಮಗೆ ನಿಜವಾಗಿ ನನ್ನ ಮೇಲೆ ಮನಸ್ಸು ಇತ್ತಾ?"

ಸುಮ್ಮನೆ ಒಳಗೆ ಹೋಗಿದ್ದರೆ ಸಾಕಿತ್ತು. ಅವನದೇ ಶಾಸ್ತ್ರದ ಪ್ರಕಾರ ಅವನು ಆ ಮುಚ್ಚಿದ ಬುಟ್ಟಿಯ ಸುತ್ತ ಸಾಯುವವರೆಗೆ ತಿರುಗುತ್ತಿದ್ದ. ಆಮೇಲೆ ಹೇಳ್ತೇನೆ ಎಂಬ ಮಾತು ಹೇಮಾಕ್ಷಿಯ ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಎಷ್ಟು ರುಚಿಯಾದ ಮಾತು ಅದು! ಅವಳು ಅದನ್ನು ನುಂಗಿದಳು.

"ಇತ್ತು," ಎಂದಳು. "ತುಂಬ ಇತ್ತು. ಈಗ ಇಲ್ಲ. ಇನ್ನು ಕೇಳ್ಲಿಕ್ಕೆ ಎಂತದೂ ಬಾಕಿ ಇಲ್ಲ, ಹೋಗಿ."

ಅವನು ಅಂಗಳ ದಾಟುವುದನ್ನು ನೋಡಲು ಅವಳು ನಿಲ್ಲಲಿಲ್ಲ. ಸಿಟ್ಟು ಇನ್ನೂ ಇಳಿದಿರಲಿಲ್ಲ. ಹರಿವಾಣವನ್ನು ಅಡುಗೆಮನೆಗೆ ಒಯ್ದು, ಎಲೆಗಳು ಬಾಡದ ಹಾಗೆ ನೀರು ಚಿಮುಕಿಸಿ ಇಟ್ಟಳು.